ಕೆಂಚನ ಭಾಷಣದ ಮೇಲೆ ಒಂದು ಮದುವೆ

ಗಡಿಯಾರವನ್ನೇ ನೋಡುತ್ತಿರುವ ಅಧ್ಯಕ್ಷರೇ, ಹಾರದ ಭಾರಕ್ಕೆ ಕತ್ತು ಬಗ್ಗಿಸಿ ಕೂತಿರುವ ನಮ್ಮ ಡ್ರಾಯಿಂಗ್ ಮೇಷ್ಟ್ರು ಶಶಿಧರ್ ಅವರೇ, ಮುಂದಿನ ಸಾಲಿನಲ್ಲಿರುವ ಖುರ್ಷೀದ್ ಬೇಗಂ ಅವರೇ, ಮದ್ದೂರು ಮಳವಳ್ಳಿಗಳಿಂದ ಬಸ್ಸು ಹಿಡಿದು ಮಂಡ್ಯಕ್ಕೆ ಬಂದಿರುವ ಸಭಿಕರೇ,

ಸಂಘಟಕರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಐದು ನಿಮಿಷ! ಚಳವಳಿಯಲ್ಲಿ ಪೊಲೀಸರು ವ್ಯಾನಿಗೆ ತುಂಬಿದ ಮೇಲೂ ಕಿಟಕಿಯಿಂದ ಭಾಷಣ ಮುಗಿಸಿದವನು ನಾನು. ನನ್ನ ಕೈಯಿಂದ ಮೈಕು ಕಿತ್ತುಕೊಳ್ಳುವವರು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಇವತ್ತು ತೋರಿಸಲಿರುವ ‘ಕೆಂಚನ ಮುಷ್ಕರ’ ಎಂಬ ಕಾರ್ಟೂನ್ ಚಿತ್ರವನ್ನು ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ. ಮೇಷ್ಟ್ರೇ, ನೀವು ಇಳಿಸಿ. ತೊಂಬತ್ತರ ದಶಕದಲ್ಲಿ ಇವರು ಮಳವಳ್ಳಿಯ ತಮ್ಮ ಜಗಲಿಯಲ್ಲಿ ಹಾಳೆ ಹಾಳೆಯಾಗಿ ಬರೆದ ಚಿತ್ರ ಅದು. ಕೆಂಚನೆಂಬ ಕಬ್ಬಿನ ಗಾಡಿಯ ಎತ್ತೊಂದು ಕಾರ್ಖಾನೆ ಗೇಟಿನ ಮುಂದೆ ದಿನವೆಲ್ಲ ಹಸಿದು ನಿಂತು, ಕೊನೆಗೆ ಕಲ್ಲು ಹತ್ತಿ, ಉಳಿದ ಎತ್ತುಗಳಿಗೆ ಭಾಷಣ ಬಿಗಿದು ಮುಷ್ಕರ ಹೂಡುವ ಕಥೆ. ಆ ಎತ್ತಿಗೆ ದನಿ ಕೊಟ್ಟವನು ನಾನು. “ಚಿಕ್ಕಣ್ಣ, ನಿಂದು ಮನುಸ್ರ ಗಂಟ್ಲಲ್ಲ ಕಣ್ಲಾ, ನೀನೇ ಬಾ” ಎಂದು ಕರೆದರು. ಹೋಗಿ ನೋಡಿದರೆ ಎತ್ತಿಗೆ ಮೂರೇ ಕಾಲು! ಕೇಳಿದ್ದಕ್ಕೆ, “ನಾಕನೇದು ಆಚೆ ಕಡೆ ಅದೆ, ಬುಡು” ಎಂದರು.

ಟಾಕೀಸಿನವರು ಏನೆಂದರು ಗೊತ್ತೇ? “ನಿಜವಾದ ಎತ್ತೇ ಬೀದಿ ತುಂಬ ಅವೆ. ಬರ್ದಿರೋ ಎತ್ತ ನೋಡಕ್ಕೆ ಯಾವನ್ಲಾ ಬತ್ತಾನೆ?” ಹಾಗಾಗಿ ಕೆಂಚ ಪರದೆಯನ್ನೇ ಕಾಣದೆ ನೇರ ವಿಡಿಯೋ ಕ್ಯಾಸೆಟ್ಟು ಸೇರಿದ. ಬಾಡಿಗೆಗೂ ಯಾರೂ ಒಯ್ಯಲಿಲ್ಲ. ಒಂದೊಂದು ಕ್ಯಾಸೆಟ್ಟಿನ ಮೇಲೂ ಯಾರದೋ ನಾಮಕರಣ, ಯಾರದೋ ಗೃಹಪ್ರವೇಶ ರೆಕಾರ್ಡಾಯಿತು. ಹೇಳಿ ಸಭಿಕರೇ, ಇದು ದಬ್ಬಾಳಿಕೆ ಅಲ್ಲವೇ? ದುಡಿದ ಎತ್ತನ್ನು ಮನೆಮನೆಯವರೂ ಸೇರಿ ಅಳಿಸಿ ಹಾಕುವುದು ದಬ್ಬಾಳಿಕೆ ಅಲ್ಲವೇ?

ಕಾಲೇಜಿನಲ್ಲಿ ಪಾಠ ಹೇಳುವ ಕವಿತ ಊರೂರು ಅಲೆದು, ಮದ್ದೂರಿನ ಖುರ್ಷೀದ್ ಬೇಗಂ ಅವರ ಬೀರುವಿನಲ್ಲಿ ದುಪಟ್ಟಾದಲ್ಲಿ ಸುತ್ತಿಟ್ಟಿದ್ದ ಒಂದೇ ಒಂದು ಕ್ಯಾಸೆಟ್ಟು ಪತ್ತೆ ಮಾಡಿದರು. ಬೂಷ್ಟು ಒರೆಸಿ ಕಂಪ್ಯೂಟರಿಗೆ ಇಳಿಸಿದರು. ನೋಡಲು ಓಡಿಹೋದೆ. ಕೆಂಚ ಕಲ್ಲು ಹತ್ತಿದ. ಬಾಯಿ ತೆರೆದ. “ಬಂಧುಗಳೇ” ಎಂದ. ಅಷ್ಟೇ! ಟೋಪಿ, ಹೂವಿನ ಮುಸುಕು, ಬಿರಿಯಾನಿ! ಬೇಗಂ ಅವರ ಮದುವೆ! ಮದುಮಗ ಅಕ್ರಂ ಪಾಷಾ ಅವರದು ಕ್ಯಾಸೆಟ್ ಅಂಗಡಿ. ಮದುವೆಯ ದಿನ ಖಾಲಿ ಕ್ಯಾಸೆಟ್ಟು ಮುಗಿದಾಗ ನಮ್ಮ ಎತ್ತನ್ನೇ ಎತ್ತಿ ಕೊಟ್ಟುಬಿಟ್ಟಿದ್ದರು. ಊಟ ಮುಗಿದೊಡನೆ ಮತ್ತೆ ಕಾರ್ಟೂನು. ಎತ್ತುಗಳೆಲ್ಲ ಕಣ್ಣೊರೆಸಿಕೊಂಡು ಗೊರಸು ಬಡಿದು ಚಪ್ಪಾಳೆ ತಟ್ಟುತ್ತವೆ. ನನ್ನ ಭಾಷಣಕ್ಕೆ ಬರಬೇಕಾದ ಚಪ್ಪಾಳೆ ಬಿರಿಯಾನಿಗೆ!

ಸುಮ್ಮನಿರುವ ಪೈಕಿಯೇ ನಾನು? ಭಾಷಣ ಇನ್ನೂ ಬಾಯಿಪಾಠವಿದೆ. ಮದುವೆ ಕಿತ್ತು ಹಾಕಿ, ಮೇಷ್ಟ್ರು ಹೊಸದಾಗಿ ಎತ್ತು ಬರೆಯಲಿ, ನಾನು ಮತ್ತೆ ಮಾತಾಡುತ್ತೇನೆ ಎಂದೆ. ಕವಿತ ಮೈಕು ಹೊಂದಿಸಿದರು. “ನಿಮ್ಮದನ್ನ ಬೇರೆ ತೆಗೆದಿಡ್ತೀವಿ ಕಣಮ್ಮ” ಎಂದು ಬೇಗಂ ಅವರಿಗೆ ಸಮಾಧಾನ ಹೇಳಿದರು.

ಬೇಗಂ ನನ್ನ ಕಡೆ ತಿರುಗಿದರು. “ನಮ್ಮನೆಯವ್ರು ಓಗ್ಬುಟ್ಟ ಮೇಲೆ ಅವ್ರ ದನಿ ಇರಾದು ಇದ್ರಲ್ಲೇ ಅಣ್ಣ. ಬೇರೆ ಇಟ್ರೆ ನಾನೊಬ್ಳೇ ನೋಡ್ಬೇಕು. ಎತ್ತಿನ ಜೊತೇಲಿದ್ರೆ ಊರೇ ನೋಡ್ತದೆ.”

ಇನ್ನೊಮ್ಮೆ ಹಾಕಿಸಿ ಕೇಳಿದೆ. ಮದುಮಗ ಮುಸುಕು ಸರಿಸಿ, ವಿಡಿಯೋ ತೆಗೆಯುವವನನ್ನೇ ಗದರುತ್ತಿದ್ದಾರೆ: “ಲೇ, ಅದ ಕೆಳಗಿಡ್ಲಾ. ಬೆಳಗಿಂದ ನಿಂತಿದ್ದೀಯ. ಮೊದ್ಲು ಒಟ್ಟೆಗಾಕೋ, ಕೆಲ್ಸ ಆಮೇಲೆ.”

ಸಭಿಕರೇ, ನನ್ನ ಎತ್ತು ಕಲ್ಲು ಹತ್ತಿ ಅಷ್ಟುದ್ದ ಕೂಗಿದ್ದಾದರೂ ಇನ್ನೇನನ್ನು? ಹೊಟ್ಟೆಗೆ ಹಾಕಿ, ಆಮೇಲೆ ನೊಗ ಹೂಡಿ ಎಂದೇ ಅಲ್ಲವೇ? ಪುಣ್ಯಾತ್ಮ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ!

ಮೈಕನ್ನು ಕವಿತ ಕೈಗೆ ವಾಪಸ್ ಕೊಟ್ಟೆ. ಆಕೆ ಕುರ್ಚಿಯಿಂದ ಬೀಳುವುದೊಂದು ಬಾಕಿ.

ಬರೆದ ಮೇಷ್ಟ್ರಿಗೆ, ಹುಡುಕಿದ ಕವಿತ ಅವರಿಗೆ, ದುಪಟ್ಟಾದಲ್ಲಿ ಕಾಪಾಡಿದ ಬೇಗಂ ಅವರಿಗೆ ನನ್ನ ಶರಣು. ಇನ್ನು ದೀಪ ಆರಿಸಿ. ಕೆಂಚ ಬಾಯಿ ತೆರೆದಾಗ ಮದುವೆ ಬರುತ್ತದೆ, ಯಾರೂ ಎದ್ದು ಹೋಗಬೇಡಿ. ಮದುಮಗ ಮಾತಾಡುತ್ತಾರೆ. ಆಮೇಲೆ ಎತ್ತುಗಳು ಚಪ್ಪಾಳೆ ತಟ್ಟುತ್ತವೆ. ನೀವೂ ತಟ್ಟಿ. ನನ್ನ ಐದು ನಿಮಿಷದಲ್ಲಿ ಏನಾದರೂ ಉಳಿದಿದ್ದರೆ ಅದು ಆ ಮದುಮಗನಿಗೆ. ನಮಸ್ಕಾರ.