ಸ್ವಲ್ಪ ಕಳೆ ಉಳಿಯಬೇಕು

ತೋಟದ ಸಾಮಾನಿನ ಅಂಗಡಿಯ ಸಾಲಿನಲ್ಲಿ ಅವಳ ಮುಂದೆ ವಯಸ್ಸಾದವರೊಬ್ಬರು ನಿಂತಿದ್ದರು. ಹೋದ ವರ್ಷದವರೆಗೆ ಈ ಸಾಲಿನಲ್ಲಿ ನಿಲ್ಲುತ್ತಿದ್ದುದು ಅವಳ ಗಂಡ. ಈಗ ಅವನಿಲ್ಲ.

"ಹುಲ್ಲುಹಾಸಿನ ಕಳೆಗೆ ಔಷಧಿ ಕೊಡಪ್ಪ," ಎಂದರು ಅವರು.

"ಸರಿಯಾದ ಟೈಮಿಗೆ ಬಂದ್ರಿ ತಾತ," ಎಂದ ಅಂಗಡಿಯವನು. "ಎಲೆ ಉದುರೋ ಕಾಲದಲ್ಲಿ ಕಳೆ ತನ್ನ ಸತ್ವಾನೆಲ್ಲ ಬೇರಿಗಿಳಿಸುತ್ತೆ. ಔಷಧಿನೂ ಜೊತೆಗೇ ಇಳಿಯುತ್ತೆ. ಮತ್ತೆ ತಲೆ ಎತ್ತಲ್ಲ."

"ಒಂದೂ ಉಳಿಯಲ್ವಾ?"

"ಒಂದೂ ಇಲ್ಲ."

"ಸ್ವಲ್ಪ ಉಳಿಯೋ ಅಂಥದ್ದು ಇದೆಯಾ?"

"ಯಾಕೆ ತಾತ, ಕಳೆ ಸಾಕ್ತೀರಾ?"

"ಪಕ್ಕದ ಮನೆಯಾಕೆ ದಿನಾ ಬೇಲಿ ಹತ್ರ ಬಂದು ಬೈತಾಳೆ. ನಮ್ಮ ಕಳೆಬೀಜ ಅವಳ ಹುಲ್ಲಿಗೆ ಹಾರುತ್ತಂತೆ."

"ಹಾಗಾದ್ರೆ ಪೂರ್ತಿ ಹೊಡೀರಿ. ಬಾಯಿ ಮುಚ್ಕೋತಾರೆ."

"ಮುಚ್ಕೋತಾಳೆ. ಆಮೇಲೆ ನನ್ನ ಹತ್ರ ಯಾರು ಮಾತಾಡ್ತಾರೆ?"

ದೊಡ್ಡ ಬಾಟಲಿ ತೆಗೆಯಹೊರಟ ಅಂಗಡಿಯವನು ಅದನ್ನು ಅಲ್ಲೇ ಬಿಟ್ಟ.

"ಮತ್ತೆ ಔಷಧಿ ಯಾಕೆ ತಾತ?"

"ಏನೂ ಮಾಡದಿದ್ರೆ ಬೇಜಾರಾಗಿ ಬರೋದನ್ನೇ ಬಿಡ್ತಾಳೆ. ನೆನ್ನೆ ಬರಲೇ ಇಲ್ಲ ನೋಡು. ಒಂದು ಚಿಕ್ಕ ಬಾಟಲಿ ಕೊಡು. ಬಾಗಿಲ ಕಡೆ ಹೊಡೀತೀನಿ, ಬೇಲಿ ಪಕ್ಕದ್ದು ಬಿಡ್ತೀನಿ."

ಅಂಗಡಿಯವನು ನಗಲಿಲ್ಲ. ಚಿಕ್ಕದನ್ನೇ ಹುಡುಕಿ ಕಾಗದದಲ್ಲಿ ಸುತ್ತಿಕೊಟ್ಟ. ತಾತ ಅದನ್ನು ಕೋಟಿನ ಜೇಬಿಗಿಳಿಸಿ, ಹಿಂದೆ ನಿಂತಿದ್ದ ಅವಳ ಕಡೆ ತಿರುಗಿದರು.

"ನಿನಗೆ ತಡ ಮಾಡಿಬಿಟ್ಟೆ ಕಣಮ್ಮ."

"ಪರವಾಗಿಲ್ಲ," ಎಂದಳು.

ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು. ಇನ್ನೊಂದು ಮಾತು ಹೊಳೆಯುವಷ್ಟರಲ್ಲಿ ತಾತ ಬಾಗಿಲು ದಾಟಿದ್ದರು.