ಕೋನಪ್ಪನ ಹೇಳಿಕೆ

ಲಾಟೀನಿನ ಬತ್ತಿ ಸ್ವಲ್ಪ ಇಳಿಸಿ. ಹಾಂ, ಸಾಕು. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಡುವೆ ಬಾಯಿ ಹಾಕಬೇಡಿ.

ಅರವತ್ತೊಂದನೇ ಇಸವಿ, ಕಾರ್ತೀಕದ ಚಳಿ. ಮುನಿಗಂಗಪ್ಪ ಚಿಂತಾಮಣಿಯಿಂದ ಕೊನೇ ಬಸ್ಸಿಗೆ ಬಂದು ಮುರುಗಮಲ್ಲದಲ್ಲಿ ಇಳಿದ. ಅಲ್ಲಿಂದ ಅವನೂರಿಗೆ ಎರಡು ಮೈಲಿ ನಡಿಗೆ. ನಡುವೆ ಒಂದು ಹಳೇ ಕಲ್ಲುಬಾವಿ. ಹೊತ್ತು ಮುಳುಗಿದ ಮೇಲೆ ಆ ಕಡೆ ಯಾರೂ ಸುಳಿಯಲ್ಲ. ಇವನು ಮಾತ್ರ ಹೋಗ್ತಿದ್ದ. ಇವನಿಗೇನು ಭಯ... ಊರಿನವರಿಗೆ ಇವನನ್ನ ಕಂಡರೇ ಭಯ.

ಯಾಕೆ ಅಂದ್ರೆ, ಮುನಿಗಂಗಪ್ಪನ ತಿಥಿ ಎಂದೋ ಆಗಿಹೋಗಿತ್ತು.

ಯುದ್ಧದ ಕಾಲದಲ್ಲಿ ಅವನೂ ಅವನ ಗೆಳೆಯ ಕೋನಪ್ಪನೂ ಒಂದೇ ದಿನ ಪಟಾಲಮ್ಮಿಗೆ ಸೇರಿದ್ದರು. ಕೋನಪ್ಪನಿಗೆ ಹಿಂದೆ ಮುಂದೆ ಯಾರೂ ಇಲ್ಲ. ಇಬ್ಬರನ್ನೂ ಬರ್ಮಾಕ್ಕೆ ಕಳಿಸಿದರು. ನಾಳೆ ಹೊಳೆ ದಾಟಬೇಕು ಅನ್ನೋ ರಾತ್ರಿ ಕೋನಪ್ಪನಿಗೆ ಒಂದು ಯೋಚನೆ ಬಂತು. ನಮ್ಮ ಕಡೆ ಮಕ್ಕಳು ಉಳೀದಿದ್ರೆ ಹುಟ್ಟಿದ ಕೂಸನ್ನ ತಿಪ್ಪೇಲಿ ಹೊರಳಿಸಿ ತಿಪ್ಪಯ್ಯ ಅಂತ ಹೆಸರಿಡಲ್ವೇ, ಯಮನಿಗೆ ಗುರುತು ತಪ್ಪಲಿ ಅಂತ? ಅದೇ ಬುದ್ಧಿ. ಸಿಪಾಯಿಗಳ ಕೊರಳಲ್ಲಿ ಹೆಸರು, ನಂಬರು ಇರೋ ಬಿಲ್ಲೆ ಇರ್ತದಲ್ಲ, ಅದನ್ನ ಇಬ್ಬರೂ ಬದಲಾಯಿಸಿಕೊಂಡರು. ನೋಡಿದವರು ಯಾರೂ ಇಲ್ಲ.

ಯಮ ಮೋಸ ಹೋಗಲಿಲ್ಲ. ಸರ್ಕಾರ ಮೋಸ ಹೋಯ್ತು.

ಬೆಳಗ್ಗೆ ಹೊಳೆಯಲ್ಲಿ ಕೋನಪ್ಪ ಸತ್ತ. ಕೊರಳಲ್ಲಿದ್ದದ್ದು ಮುನಿಗಂಗಪ್ಪನ ಬಿಲ್ಲೆ. ಊರಿಗೆ ತಂತಿ ಬಂತು. ಇವನ ತಾಯಿ ಅತ್ತು ಕರೆದು ಹನ್ನೊಂದು ದಿನದ ಕಾರ್ಯ ಮುಗಿಸಿದಳು. ಇವನೋ ಜ್ವರದಲ್ಲಿ ಆಸ್ಪತ್ರೆಯಲ್ಲಿ ಬಿದ್ದಿದ್ದ, ಕೋನಪ್ಪ ಅನ್ನೋ ಹೆಸರಲ್ಲಿ. ಎಚ್ಚರ ಆದ ಮೇಲೆ ನಿಜ ಹೇಳಿದ. ಆಗಲಿ, ಸರಿ ಮಾಡೋಣ ಅಂದರು, ಮಾಡಲಿಲ್ಲ. ಕೋನಪ್ಪನ ಕಾಗದಗಳನ್ನೇ ಕೈಗೆ ಕೊಟ್ಟು ಊರಿಗೆ ಕಳಿಸಿದರು. ಬರೋ ಹೊತ್ತಿಗೆ ತಾಯಿ ಕೊರಗಿ ತೀರಿಕೊಂಡಿದ್ದಳು. ತಿಥಿ ಆದವನಿಗೆ ಹೆಣ್ಣು ಕೊಡೋರ್ಯಾರು? ಮದುವೆ ಮುಂಜಿಗೆ ಕರೆಯೋರ್ಯಾರು? ಒಲೆ ಮುಂದೆ ಒಬ್ಬನೇ ಕೂತು ಮುದ್ದೆ ತಿರುವಿ, ಒಬ್ಬನೇ ಉಂಡು ಮಲಗೋದು. ಹದಿನೈದು ವರ್ಷ ಹೀಗೇ.

ಪಟಾಲಮ್ಮಿನ ದಫ್ತರದಲ್ಲಿ ಅವನ ಹೆಸರಿನ ಮುಂದೆ 'ಮೃತ' ಅಂತ ಬರೆದು ಗೆರೆ ಎಳೆದಿದ್ದರು. ಬರಬೇಕಾದ ಮೂರು ಮೆಡಲನ್ನ ಯಾರೂ ಕಳಿಸಲೇ ಇಲ್ಲ. ಅವನಿಗೆ ಮೆಡಲಿನ ಆಸೆ ಅಂತ ಅಲ್ಲ. ಸರ್ಕಾರ ಮೆಡಲು ಕಳಿಸಿದ್ರೆ ಬದುಕಿದ್ದಾನೆ ಅಂತ ಆಯ್ತಲ್ಲ? ಎದೆ ಮೇಲೆ ಹಾಕ್ಕೊಂಡು ಊರ ನಡುವೆ ಒಂದು ಸಲ ನಡೀಬೇಕು, ಅಷ್ಟೇ ಅವನಿಗೆ ಬೇಕಾಗಿದ್ದು.

ಅವತ್ತು ಚಿಂತಾಮಣಿಯಲ್ಲಿ ಅರ್ಜಿ ಬರೆಯೋ ನರಸಿಂಹಪ್ಪ ಪಟಾಲಮ್ಮಿನ ಕಚೇರಿಯಿಂದ ಬಂದ ಹೊಸ ಜವಾಬು ಓದಿ ಹೇಳಿದ್ದ. ದಾಖಲೆ ಪ್ರಕಾರ ಕೋನಪ್ಪ ಬದುಕಿದ್ದಾನೆ, ಬಿಲ್ಲೆ ಬದಲಾಯಿಸಿದ್ದು ನಿಜ ಅಂತ ಅವನೇ ಹೆಬ್ಬೆಟ್ಟು ಒತ್ತಿ ಹೇಳಿಕೆ ಕೊಡಲಿ, ಅಂತ.

"ಸತ್ತವನು ಬಂದು ನಾನು ಸತ್ತೆ ಅನ್ನಬೇಕಂತೆ ಕಣಯ್ಯ. ಬಿಟ್ಬಿಡು ಇನ್ನ," ಅಂದ ನರಸಿಂಹಪ್ಪ. ಆದರೂ ಮನಸ್ಸು ತಡೀದೆ ಹೇಳಿಕೆ ಬರೆದ. ಹೆಬ್ಬೆಟ್ಟಿನ ಜಾಗ ಖಾಲಿ ಬಿಟ್ಟು ಕೈಗೆ ಕೊಟ್ಟ.

ಆ ಕಾಗದ ಹಿಡ್ಕೊಂಡು ಇವನು ನಡೀತಿದ್ದಾನೆ. ಚಪ್ಪಲಿ ಚರಕ್... ಚರಕ್... ಬಾವಿ ಹತ್ತಿರ ಬಂತು. ರಾಟೆ ಕಿರ್‌ರ್... ಅಂತ ಒಂದು ಸುತ್ತು ಸುತ್ತಿ ನಿಂತಿತು. ಗಾಳಿ ಇಲ್ಲ. ಇವನು ಮುಂದೆ ಹೋದ. ಹಿಂದೆ ಮೊಳೆ ಹೊಡೆದ ಬೂಟಿನ ಸದ್ದು. ಟಕ್... ಟಕ್... ಟಕ್. ಇವನು ಎಡಗಾಲು ಇಟ್ಟರೆ ಅದೂ ಎಡಗಾಲು.

ಮುನಿಗಂಗಪ್ಪ ನಿಂತ. ಅದೂ ನಿಂತಿತು.

"ಏರಾ ಗಂಗಾ..." ಪಿಸುಮಾತು. ಗಂಗಾ ಅಂತ ಅವನನ್ನ ಕರೀತಿದ್ದೋನು ಒಬ್ಬನೇ.

ಇವನು ತಿರುಗಲಿಲ್ಲ. ಕತ್ತಿನ ಹಿಂದೆ ಹೊಳೆ ನೀರಿನ ತಣ್ಣನೆ ವಾಸನೆ.

"ಕೋನಪ್ಪಾ... ನೀನೇನಾ?"

"ಹೂಂ ಕಣೋ." ಬೂಟು ಒಂದು ಹೆಜ್ಜೆ ಹತ್ತಿರ ಬಂತು. "ನಂಗ್ಯಾರಾದ್ರೂ ತಿಥಿ ಮಾಡಿದ್ರಾ?"

"ನಿಂದನ್ನೂ ನಂಗೇ ಮಾಡ್ಬಿಟ್ರಪ್ಪ."

ಬಾವಿಯೊಳಗೆ ದುಬುಕ್ ಅಂತ ಏನೋ ಬಿತ್ತು.

"ನಿಂಗೆ ಬರಬೇಕಾಗಿದ್ದ ಸಾವು ನಂಗೆ ಬಂತು ಅಂತ ಕೊರಗ್ತೀಯಂತೆ," ಅಂತು ಧ್ವನಿ. "ಬಿಡು. ಬಿಲ್ಲೆ ಕೇಳಿದ್ದು ನಾನೇ ಅಲ್ವಾ... ಎಲ್ಲಿ, ಕೊಡು ಕಾಗದ."

ಇವನು ಹಿಂದಕ್ಕೆ ಕೈ ಚಾಚಿದ. ಕಾಗದ ಬೆರಳಿನಿಂದ ಜಾರಿತು... ಮತ್ತೆ ಬೆರಳಿಗೆ ಬಂತು. ಅವನಿಗೆ ಹೆದರಿಕೆ ಆಗಲಿಲ್ಲವಂತೆ. ಅವನೇ ಆಮೇಲೆ ಹೇಳಿದ್ದು. ಹದಿನೈದು ವರ್ಷದಲ್ಲಿ ಯಾರೂ ಅಷ್ಟು ಹತ್ತಿರ ನಿಂತು ಮಾತಾಡಿಸಿರಲಿಲ್ಲ, ಇನ್ನೊಂದು ಗಳಿಗೆ ಇರಲಿ ಅನ್ನಿಸ್ತಂತೆ. ತಿರುಗಿ ನೋಡಿದ. ಬರೀ ದಾರಿ.

ಮನೆಗೆ ಬಂದು ಬುಡ್ಡಿ ದೀಪ ಹಚ್ಚಿದ. ಖಾಲಿ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು. ಮಸಿ ಇನ್ನೂ ಹಸಿ.

ಮಾರನೇ ದಿನ ನರಸಿಂಹಪ್ಪ, "ಯಾರದಯ್ಯ ಇದು?" ಅಂದ. "ಕೋನಪ್ಪಂದೇ ಸ್ವಾಮಿ," ಅಂದ ಇವನು. ನರಸಿಂಹಪ್ಪ ಅವನ ಮುಖ ನೋಡಿ ಲಕೋಟೆ ಅಂಟಿಸಿದ.

ಮೂರು ತಿಂಗಳಿಗೆ ರಿಜಿಸ್ಟರ್ ಪಾರ್ಸಲ್ ಬಂತು. ಮೂರು ಮೆಡಲು. ಜೊತೆಗೊಂದು ಕಾಗದ. ಸೇರುವಾಗ ಕೋನಪ್ಪ ಒತ್ತಿದ ಹೆಬ್ಬೆಟ್ಟಿಗೂ ಇದಕ್ಕೂ ತಾಳೆ ಆಗಿದೆ, ಮುನಿಗಂಗಪ್ಪನ ದಾಖಲೆ ತಿದ್ದಿದ್ದೇವೆ. ಇನ್ನು ಕೋನಪ್ಪನ ದಾಖಲೆ ಇತ್ಯರ್ಥ ಆಗಬೇಕು, ಬರೋ ಸೋಮವಾರ ಅವನು ಖುದ್ದಾಗಿ ಬೆಂಗಳೂರಿನ ಕಚೇರಿಗೆ ಹಾಜರಾಗಲಿ.

ನಮ್ಮ ಚಿಕ್ಕಮ್ಮನ ಮಗ ವೆಂಕಟೇಶ್ ಆಗ ಮುರುಗಮಲ್ಲದಿಂದ ಬೆಂಗಳೂರಿಗೆ ಹೋಗೋ ಬಸ್ಸಿನ ಕಂಡಕ್ಟರ್. ಭಾನುವಾರ ರಾತ್ರಿ ಮುನಿಗಂಗಪ್ಪ ಬಾವಿ ಹತ್ತಿರ ಹೋಗಿ ಆ ಕಾಗದದ ವಿಷಯ ಹೇಳಿ ಬಂದಿದ್ದನಂತೆ. ಸೋಮವಾರ ಬೆಳಗ್ಗೆ ಮೆಡಲು ಹಾಕ್ಕೊಂಡು ಬಸ್ಸು ಹತ್ತಿದ. ಕಿಟಕಿ ಪಕ್ಕಕ್ಕೆ ಸರಿದು ಕೂತು, "ಎರಡು ಕೊಡಪ್ಪ," ಅಂದ.

ಮುರುಗಮಲ್ಲದ ದರ್ಗಾಕ್ಕೆ ಬಂದ ಜನ ವಾಪಸು ಹೋಗ್ತಿದ್ದರು, ಬಸ್ಸು ಗಿಜಿಗಿಜಿ. ಕಂಕುಳಲ್ಲಿ ಮಗು ಇದ್ದವರೂ ನಿಂತಿದ್ದರು. ಅವನ ಪಕ್ಕದ ಸೀಟಿನಲ್ಲಿ ಮಾತ್ರ ಯಾರೂ ಕೂರಲಿಲ್ಲ. ಹೊಸಕೋಟೆಯಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಹತ್ತಿದ. ವೆಂಕಟೇಶ್ ಹರಿದುಕೊಟ್ಟಿದ್ದು ಐವತ್ತೆರಡು ಟಿಕೆಟ್ಟು, ಬಸ್ಸಲ್ಲಿದ್ದೋರು ಐವತ್ತೊಂದು ಜನ. ಏನು ಹೇಳೋದು ಅಂತ ಅವನು ಯೋಚನೆ ಮಾಡ್ತಿದ್ದ. ಇನ್ಸ್‌ಪೆಕ್ಟರ್ ಒಂದೊಂದೇ ತಲೆ ಎಣಿಸುತ್ತಾ ಹಿಂದಿನವರೆಗೂ ಹೋದ, ವಾಪಸು ಬಂದ. "ಐವತ್ತೆರಡು, ಸರಿ ಇದೆ," ಅಂತ ರುಜು ಹಾಕಿ ಇಳಿದ.

ಕಚೇರಿಯಲ್ಲಿ ಏನಾಯ್ತೋ ಮುನಿಗಂಗಪ್ಪ ಯಾರಿಗೂ ಹೇಳಲಿಲ್ಲ. ವೆಂಕಟೇಶ್ ಸುಳ್ಳು ಹೇಳೋ ಪೈಕಿ ಅಲ್ಲ, ಆ ರುಜು ನಾನೂ ಕಣ್ಣಾರೆ ನೋಡಿದ್ದೀನಿ. ಸಾಯಂಕಾಲ ಅದೇ ಬಸ್ಸಿಗೆ ಮುನಿಗಂಗಪ್ಪ ವಾಪಸು ಬಂದ. ವೆಂಕಟೇಶ್ ಕೇಳದೇನೇ ಎರಡು ಟಿಕೆಟ್ಟು ಹರಿಯೋಕೆ ಹೋದ. "ಒಂದೇ ಸಾಕಪ್ಪ," ಅಂದನಂತೆ.