ಕೆಮಾರನ ಮುಖ ನಾಲ್ಕು ಸಲ ಬಂದದ್ದು

ಹೆಸರು: ವಾಮನ ಭೀಮಾಜಿ ಹುಯಿಲಗೋಳ. ವಯಸ್ಸು: ಎಪ್ಪತ್ತಮೂರು. ಉದ್ಯೋಗ: ಬಸ್ ಚಾಲಕ, ಈಗ ನಿವೃತ್ತ. ವಿಧುರ. ವಾಸ: ಮನೆ ಸಂಖ್ಯೆ 31, ನಾಲ್ಕನೆಯ ಮಹಡಿ, ಥಾರ್ನ್‌ಬಿ ಹೌಸ್, ಪೆಕ್ಹಮ್, ಲಂಡನ್.

ಮೇಲ್ಕಂಡ ನಾನು ತನಿಖಾಧಿಕಾರಿ ಶ್ರೀಮತಿ ಹ್ಯಾರಪ್ ಅವರ ಎದುರು ಕುಳಿತು ಸ್ವಂತ ಕೈಯಿಂದ ಬರೆದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಕನ್ನಡದಲ್ಲಿ ಬರೆಯಲು ನಾನೇ ಅನುಮತಿ ಕೇಳಿದೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಅರ್ಧ ಮರೆತುಹೋಗಿದೆ, ಉಳಿದರ್ಧ ನಾಟಕದ ರಾಜರು ಸಾಯುವಾಗ ಆಡುವಂಥದ್ದು. ಬಸ್ಸಿನಲ್ಲಿ ಕಲಿತ ಇಂಗ್ಲಿಷ್ ಕೋರ್ಟಿಗೆ ತಕ್ಕದ್ದಲ್ಲ. ಈ ಹೇಳಿಕೆಯಲ್ಲಿ ಬರುವವರೆಲ್ಲ ಇಂಗ್ಲಿಷಿನಲ್ಲೇ ಮಾತಾಡಿದ್ದು. ನಾನು ಅದನ್ನು ನನ್ನ ಗದಗಿನ ಕಡೆಯ ಮಾತಿನಲ್ಲಿ ಬರೆದಿದ್ದೇನೆ. ಭಾಷಾಂತರಕಾರರು ಮತ್ತೆ ತಿರುಗಿಸಿಕೊಳ್ಳಬೇಕು, ಕ್ಷಮಿಸಬೇಕು.

ನನ್ನ ಪಕ್ಕದ ಮನೆಯ ಕೆಮಾರ್ ಪಿನ್ನಕ್, ವಯಸ್ಸು ಇಪ್ಪತ್ತಮೂರು, ಟೈರ್ ಅಂಗಡಿಯಲ್ಲಿ ಕೆಲಸ, ಕೊಲೆ ಆರೋಪದ ಮೇಲೆ ಜೈಲಿನಲ್ಲಿದ್ದಾನೆ. ಅವನನ್ನು ಗುರುತಿಸಿದವರು ನೆಲಮಹಡಿಯ ಶ್ರೀಮತಿ ಮೌರೀನ್ ಟಾಲಿ. ಆ ಗುರುತು ಮೆಟ್ಟಿಲಿನಿಂದ ಬಂದದ್ದಲ್ಲ, ಸಿನಿಮಾದಿಂದ ಬಂದದ್ದು ಎಂದು ತಿಳಿಸುವುದಕ್ಕೆ ನಾನು ಬಂದಿದ್ದೇನೆ.

ಕಳೆದ ಜೂನ್ ತಿಂಗಳಲ್ಲಿ ನಮ್ಮ ಕಟ್ಟಡದಲ್ಲಿ ಸಿನಿಮಾ ತೆಗೆದರು. ಇಂಥ ಕಟ್ಟಡದ ಒಬ್ಬ ಹುಡುಗ ಅಮಲಿನ ಪುಡಿ ಮಾರುತ್ತಾನೆ, ಗೆಳೆಯನನ್ನು ಕಳೆದುಕೊಳ್ಳುತ್ತಾನೆ, ಕೊನೆಗೆ ತಾನೂ ಹೋಗುತ್ತಾನೆ. ಇಷ್ಟೇ ಕಥೆ, ಉಳಿದದ್ದು ಬೈಗಳು. ನಮ್ಮ ಗೋಡೆಗಳು ಅವರಿಗೆ ಬೇಕಾದಷ್ಟು ಕೊಳೆಯಾಗಿರಲಿಲ್ಲ. ತಾವೇ ಬಣ್ಣ ತಂದು ಗೀಚಿದರು, ಕಸದ ಚೀಲಗಳನ್ನು ವ್ಯಾನಿನಲ್ಲಿ ತಂದು ಇಳಿಸಿದರು, ಮೆಟ್ಟಿಲಿಗೆ ನೀಲಿ ದೀಪ ಹಾಕಿದರು. ಅದನ್ನೆಲ್ಲ ನೋಡಿದ್ದರೆ ನನ್ನ ಹೆಂಡತಿ ಗಿರಿಜಾ ಪೊರಕೆ ಹಿಡಿದು ಹೊರಗೆ ಬರುತ್ತಿದ್ದಳು. ಅವಳು ತೀರಿಕೊಂಡು ಆರು ವರ್ಷವಾಯಿತು. ಇದು ಪ್ರಕರಣಕ್ಕೆ ಸಂಬಂಧವಿಲ್ಲ ಎಂದು ಅಧಿಕಾರಿಗಳು ಹೇಳಿದರು.

ಹಿನ್ನೆಲೆಯಲ್ಲಿ ಓಡಾಡಲು ನಮ್ಮವರನ್ನೇ ಕರೆದರು. ನಾನು ಸಾಮಾನಿನ ಚೀಲ ಹಿಡಿದು ಮೂರು ಸಲ ನಡೆದೆ. ಸಿನಿಮಾದಲ್ಲಿ ಚೀಲ ಮಾತ್ರ ಬಂತು. ಕೆಲಸ ಮುಗಿಸಿ ಬರುತ್ತಿದ್ದ ಕೆಮಾರನನ್ನು ಕಂಡು ಮೆಟ್ಟಿಲ ಮೇಲೆ ನಿಲ್ಲಿಸಿದರು. ಟೋಪಿ ಹೊಲಿದ ಬೂದು ಅಂಗಿ ತೊಡಿಸಿ, ಟೋಪಿ ತಲೆಯ ಮೇಲೆ ಎಳೆದುಕೊಂಡು ತಿರುಗಿ ನೋಡಬೇಕು, ಮಾತು ಬೇಡ ಎಂದರು. ಅವನಿಗೆ ಸಿಟ್ಟಿನ ಮುಖ ಬರಲೇ ಇಲ್ಲ. ನಗು ಬರುತ್ತಿತ್ತು. ಕೊನೆಗೆ ಹೇಗೆ ಸಾಧಿಸಿದೆ ಎಂದು ಸಂಜೆ ನಾನು ಕೇಳಿದ್ದಕ್ಕೆ, "ಹಲ್ಲಿನ ಡಾಕ್ಟರನ್ನ ನೆನಸಿಕೊಂಡೆ ಅಂಕಲ್" ಎಂದ. ಅಂಗಿಯನ್ನು ಅವನಿಗೇ ಕೊಟ್ಟು ಹೋದರು. ಅಂದಿನಿಂದ ಅದನ್ನೇ ತೊಡುತ್ತಿದ್ದ. ಪೊಲೀಸರು ಅವನ ಮನೆಯಿಂದ ಒಯ್ದದ್ದು ಅದನ್ನೇ.

ಅಕ್ಟೋಬರ್ 4, ಶನಿವಾರ ಸಂಜೆ ಆರಕ್ಕೆ ಕೆಳಗಿನ ಸಭಾಗೃಹದಲ್ಲಿ ಆ ಸಿನಿಮಾವನ್ನು ನಮಗೆಲ್ಲ ತೋರಿಸಿದರು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಕೆಮಾರನ ತಾಯಿ ಇವೆಟ್ ಮೀನು ಕರಿದು ತಂದಿದ್ದಳು. ಯಂತ್ರ ನಡೆಸಿದವರು ಆಸಿ ಗ್ರಾಂಟ್. ನಮ್ಮ ಕಟ್ಟಡದಲ್ಲಿ ಮದುವೆ, ನಾಮಕರಣ, ಸಾವಿನ ಒಂಬತ್ತನೆಯ ರಾತ್ರಿಯ ಕೂಟ, ಯಾವುದಿದ್ದರೂ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನಿಟ್ಟು ಹಾಡು ಹಾಕುವವರು ಅವರೇ. ಆಸಿ, ಇವೆಟ್ ಇವರೆಲ್ಲ ಜಮೈಕಾ ಮೂಲದವರು, ಅವರ ಪದ್ಧತಿ ಹೀಗಿದೆ: ಹಾಡು ಮನಸ್ಸಿಗೆ ಹಿಡಿದರೆ ಜನ ಗೋಡೆ ಬಡಿಯುತ್ತಾರೆ. ಬಡಿದರೆ ಹಾಡನ್ನು ಅಲ್ಲಿಗೇ ನಿಲ್ಲಿಸಿ ಮೊದಲಿನಿಂದ ಹಾಕಬೇಕು. ಹಾಕದವನನ್ನು ಮುಂದಿನ ಸಲ ಯಾರೂ ಕರೆಯುವುದಿಲ್ಲ.

ಸಿನಿಮಾಕ್ಕೂ ಜನ ಹಾಗೆಯೇ ಮಾಡಿದರು. ಎರಡನೆಯ ಮಹಡಿಯವರ ಒಗೆದ ಬಟ್ಟೆ ತೆರೆಯ ಮೇಲೆ ಬಂದಾಗ ಒಮ್ಮೆ ಬಡಿದರು, ಆಸಿ ಹಿಂದಕ್ಕೆ ತಿರುಗಿಸಿದರು. ಕೆಮಾರ್ ಬಂದಾಗ ಇಡೀ ಸಭಾಗೃಹ ಎದ್ದಿತು. ಮೆಟ್ಟಿಲು, ನೀಲಿ ಬೆಳಕು, ಟೋಪಿ, ತಿರುಗಿದ ಮುಖ. ಮೂರು ಸಲ ಹಿಂದಕ್ಕೆ ತಿರುಗಿಸಿದರು, ಎಂದರೆ ನಾಲ್ಕು ಸಲ ಆ ಮುಖವನ್ನು ನೋಡಿದೆವು. ಇವೆಟ್ ಪಾತ್ರೆಯ ಮುಚ್ಚಳ ಬಡಿದಳು. ನಾನು ಎದುರಿನ ಕುರ್ಚಿಯ ಬೆನ್ನು ಬಡಿದೆ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಶ್ರೀಮತಿ ಟಾಲಿ ಮೊದಲ ಸಾಲಿನಲ್ಲಿದ್ದರು. ಅವರು ಹಿಂದಕ್ಕೆ ತಿರುಗಿ, "ಕೆಮಾರ್ ಚಿನ್ನಾ, ಇವತ್ತ ನಿನ್ನಿಂದ ನನಗ ನಿದ್ದಿ ಬರಾಂಗಿಲ್ಲ ನೋಡು" ಎಂದಾಗ ಎಲ್ಲರೂ ನಕ್ಕರು. ಕೆಮಾರ್ ನಾಚಿಕೊಂಡು ಮೀನು ತಿನ್ನುತ್ತಿದ್ದ.

ಎಲ್ಲರೂ ಸಾಯುವ ಈ ಸಿನಿಮಾದಲ್ಲಿ ಇಷ್ಟೊಂದು ಸಂತೋಷಪಡುವಂಥದ್ದು ಏನಿದೆ ಎಂದು ಅಂದು ನಾನು ಇವೆಟ್‌ಳನ್ನು ಕೇಳಿದೆ. ಅವಳು ಹೇಳಿದ್ದು: "ನಮ್ಮ ಮೆಟ್ಟಿಲು ಇಷ್ಟ ದಿನ ಬರೇ ಸುದ್ದಿಯಾಗ ಬರ್ತಿತ್ತು ಮಿಸ್ಟರ್ ವಿ. ಈಗ ಮಂದಿ ಟಿಕೆಟ್ ತಗಸಿ ನೋಡತಾರ." ಅದು ನನಗೂ ಸರಿ ಎನಿಸಿತು.

ನವೆಂಬರ್ 6, ಗುರುವಾರ ಸಂಜೆ ಸುಮಾರು ನಾಲ್ಕೂ ಮುಕ್ಕಾಲಿಗೆ ನಾನು ಹಾಲು ತೆಗೆದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಲಿಫ್ಟ್ ಕೆಟ್ಟಿತ್ತು. ಕತ್ತಲಾಗಿತ್ತು. ಒಂದನೆಯ ಮಹಡಿಯ ತಿರುವಿನಲ್ಲಿ ಒಬ್ಬ ಮೇಲಿನಿಂದ ಓಡಿಬಂದು ನನ್ನ ಬಲಭುಜಕ್ಕೆ ಬಡಿದು ಕೆಳಗೆ ಹೋದ. ತಲೆಯ ಮೇಲೆ ಅಂಗಿಯ ಟೋಪಿ ಇತ್ತು. ನಾನು ತಿರುಗಿದಾಗ ಕಂಡದ್ದು ಬೆನ್ನು. ಮೇಲೆ ಹೋದಾಗ ಎರಡನೆಯ ಮಹಡಿಯಲ್ಲಿ, ಊಟ ಮುಟ್ಟಿಸಲು ಬಂದಿದ್ದ ಒಬ್ಬ ಹುಡುಗ ಗೋಡೆಗೆ ಒರಗಿ ಕುಳಿತಿದ್ದ, ರಕ್ತ ಸುರಿಯುವ ಹೊಟ್ಟೆಯನ್ನು ಹಿಡಿದುಕೊಂಡಿದ್ದ. ಊಟದ ಚೀಲವನ್ನು ನನ್ನ ಕಡೆ ಚಾಚಿ, ನಲವತ್ತೆರಡನೆಯ ಮನೆಯವರು ನೀವೇ ಏನು ಎಂದು ಕೇಳಿದ. ಅಲ್ಲ ಎಂದೆ. ಹೌದು ಎನ್ನಬಹುದಾಗಿತ್ತು. ನನ್ನ ಕೋಟನ್ನು ಅವನ ಹೊಟ್ಟೆಗೆ ಒತ್ತಿ ಹಿಡಿದು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವನು ಶನಿವಾರ ಆಸ್ಪತ್ರೆಯಲ್ಲಿ ತೀರಿಕೊಂಡ.

ಅದೇ ಸಂಜೆ ನಾನು ಕೊಟ್ಟ ಮೊದಲ ಹೇಳಿಕೆಯಲ್ಲಿ ಮುಖ ನೋಡಿಲ್ಲ ಎಂದಿದ್ದೇನೆ. ಅವನು ಹೊರಗೆ ಓಡಿದ್ದನ್ನು ಅಡಿಗೆಮನೆಯ ಕಿಟಕಿಯಿಂದ ನೋಡಿದ ಶ್ರೀಮತಿ ಟಾಲಿಯವರೂ ಅಂದು ಯಾರೋ ಟೋಪಿಯವನು ಎಂದರಂತೆ, ಒಮ್ಮೆ ತಿರುಗಿ ನೋಡಿದ ಎಂದರಂತೆ. ಮರುದಿನ ಬೆಳಿಗ್ಗೆ ತಾವೇ ಪೊಲೀಸರಿಗೆ ಫೋನ್ ಮಾಡಿ ಅದು ಕೆಮಾರ್ ಎಂದು ತಿಳಿಸಿದರು. ಕೆಮಾರ್ ಆ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬನೇ ಮಲಗಿದ್ದೆ ಎನ್ನುತ್ತಾನೆ. ಇವೆಟ್ ಕೆಲಸಕ್ಕೆ ಹೋಗಿದ್ದಳು. ಮಲಗಿದ್ದವನನ್ನು ನೋಡಿದವರು ಯಾರೂ ಇಲ್ಲ.

ನವೆಂಬರ್ 12ರಂದು ನಾನು ಶ್ರೀಮತಿ ಟಾಲಿಯವರನ್ನು ಅವರ ಬಾಗಿಲಲ್ಲಿ ಕಂಡು, ಸಿನಿಮಾದ ಮುಖ ನಿಮ್ಮ ಕಣ್ಣಿಗೆ ಕಟ್ಟಿರಬಹುದಲ್ಲವೇ ಎಂದು ಕೇಳಿದೆ. ಅವರು ಅತ್ತರು. ಆ ಹುಡುಗ ತಮ್ಮ ಸಾಮಾನು ಎಷ್ಟು ಸಲ ಹೊತ್ತು ತಂದುಕೊಟ್ಟಿದ್ದಾನೆ, ಖುಷಿಗಾಗಿ ಅವನ ಹೆಸರು ಹೇಳುತ್ತೇನೆಯೇ ಎಂದು ಕೇಳಿದರು. "ನಾ ನೋಡೀನಿ ಚಿನ್ನಾ. ಕಣ್ಣ ಮುಚ್ಚಿದ್ರ ಸಾಕು, ಅಂವ ತಿರುಗಿ ನೋಡತಾನ." ಅವರು ಸುಳ್ಳು ಹೇಳುವವರಲ್ಲ. ಅವರ ಮೇಲೆ ನನ್ನ ದೂರಿಲ್ಲ.

ನಿನ್ನೆ ಸಂಜೆ ಇವೆಟ್ ನನ್ನ ಮನೆಗೆ ಬಂದಳು. ಚಹಾ ಕೊಟ್ಟೆ, ಕುಡಿಯಲಿಲ್ಲ. ಸಿನಿಮಾದ ವಿಷಯ ವಕೀಲರಿಗೆ ಹೇಳಿದರೆ ತಾಯಿಯ ಮಾತು ಎಂದು ಪಕ್ಕಕ್ಕಿಡುತ್ತಾರೆ ಎಂದಳು. "ನೀವು ಅವನ್ನ ಮುಟ್ಟುವಷ್ಟ ಹತ್ರದಾಗ ಇದ್ರಿ. ಅಂವ ಕೆಮಾರ್ ಅಲ್ಲ ಅಂತ ಒಂದ ಮಾತು ಹೇಳ್ರಿ ಮಿಸ್ಟರ್ ವಿ. ಅಷ್ಟ." ನಾನು ಹೇಳುತ್ತೇನೆ ಎಂದೆ. ನನ್ನ ನಂಬಿಕೆಯೂ ಅದೇ ಆಗಿತ್ತು, ಈಗಲೂ ಅದೇ.

ಈ ದಿನ ಬೆಳಿಗ್ಗೆ ಇಲ್ಲಿ ಬಂದು ಅದು ಕೆಮಾರ್ ಅಲ್ಲ ಎಂದು ಹೇಳಿದೆ. ಅಧಿಕಾರಿಗಳು ನನ್ನ ಮೊದಲ ಹೇಳಿಕೆ ತೆಗೆದು ಓದಿ, ಮುಖ ನೋಡದವರು ಅಲ್ಲ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು. ಕೆಮಾರ್ ಮೆಟ್ಟಿಲಲ್ಲಿ ಎದುರಾದರೆ ಚೀಲ ಇಸಿದುಕೊಳ್ಳದೆ ಹೋಗುವವನಲ್ಲ ಎಂದೆ. ಚೂರಿ ಹಾಕಿ ಓಡುವವನು ಯಾರ ಚೀಲವನ್ನೂ ಇಸಿದುಕೊಳ್ಳುವುದಿಲ್ಲ ಸರ್ ಎಂದರು. ಅದೂ ಸರಿ.

ಆಮೇಲೆ ಕಣ್ಣು ಮುಚ್ಚಿ ಅಂದಿನದನ್ನು ಮೊದಲಿನಿಂದ ನೆನೆಯಲು ಹೇಳಿದರು. ನೆನೆದೆ. ಕೈಯಲ್ಲಿ ತಣ್ಣಗಿನ ಹಾಲು, ಮೇಲೆ ದಡದಡ ಕಾಲು, ಭುಜಕ್ಕೆ ಪೆಟ್ಟು. ಅವನು ಕೆಳಗೆ ಹೋಗಿ ತಿರುಗಿದ. ನನಗೆ ಮುಖ ಕಂಡಿತು. ಕೆಮಾರನ ಮುಖ. ನಾನು ಕಣ್ಣು ತೆರೆದೆ. ನನ್ನ ಮುಖ ನೋಡಿಯೇ ಅಧಿಕಾರಿಗಳಿಗೆ ತಿಳಿಯಿತು. ಯಾರು ಕಂಡರು ಎಂದು ಕೇಳಿದರು. ಹೇಳಿದೆ.

ಅಂದು ಮೆಟ್ಟಿಲ ಮೇಲೆ ಅವನು ತಿರುಗಲಿಲ್ಲ. ನಾನು ಕಂಡ ಮುಖದ ಮೇಲೆ ನೀಲಿ ಬೆಳಕಿತ್ತು. ನಮ್ಮ ಮೆಟ್ಟಿಲಿನ ದೀಪ ಹಳದಿ. ಆ ನೀಲಿ ಸಿನಿಮಾದವರದು, ಜೂನ್‌ನಲ್ಲೇ ಕಟ್ಟಿಕೊಂಡು ಹೋಗಿದ್ದಾರೆ. ಇದನ್ನೂ ಹೇಳಿದೆ. ಕಣ್ಣು ಮುಚ್ಚಿದರೆ ಅವನೇ ಕಾಣುತ್ತಾನೆಯೋ ಇಲ್ಲವೋ ಎಂದು ಕೇಳಿದರು. ಕಾಣುತ್ತಾನೆ ಎಂದೆ. ಇನ್ನೊಮ್ಮೆ ಪ್ರಯತ್ನ ಮಾಡುತ್ತೇನೆ ಎಂದು ಮತ್ತೆರಡು ಸಲ ಕಣ್ಣು ಮುಚ್ಚಿದೆ. ಅವನೇ ಬಂದ.

ಶ್ರೀಮತಿ ಹ್ಯಾರಪ್ ಸಭ್ಯರು. ನನಗೆ ನೀರು ತಂದುಕೊಟ್ಟರು. ಈ ಹೇಳಿಕೆಯನ್ನು ಕೊಡಲೇಬೇಕೆಂದಿಲ್ಲ, ಕೊಟ್ಟರೆ ಪೂರ್ತಿಯಾಗಿ ಕೊಡಬೇಕು, ನನಗೆ ಬೇಕಾದಷ್ಟನ್ನೇ ಇಟ್ಟು ಉಳಿದದ್ದನ್ನು ಬಿಡಲಾಗುವುದಿಲ್ಲ ಎಂದು ಎರಡು ಸಲ ತಿಳಿಸಿ ಹೇಳಿದರು. ಕೊಡದಿದ್ದರೆ ಸಿನಿಮಾದ ಮಾತು, ಗೋಡೆ ಬಡಿದ ಮಾತು ಕೋರ್ಟಿಗೆ ಹೋಗುವುದೇ ಇಲ್ಲ. ಕೊಟ್ಟರೆ ಕೆಮಾರನ ಮುಖ ಕಂಡವರು ಇಬ್ಬರಾಗುತ್ತಾರೆ. ನೀಲಿ ಬೆಳಕಿನ ಸಾಲನ್ನು ಓದುವವರು ಯಾರಾದರೂ ಇರಬಹುದು ಎಂದುಕೊಂಡು ಕೊಡುತ್ತಿದ್ದೇನೆ. ಇರುತ್ತಾರೆಯೇ ಎಂದು ಕೇಳಿದ್ದಕ್ಕೆ ಅಧಿಕಾರಿಗಳು ಸಹಿ ಮಾಡುವ ಜಾಗ ತೋರಿಸಿದರು.

ಇವೆಟ್ ಹೊರಗೆ ಬೆಂಚಿನ ಮೇಲೆ ನನ್ನ ಕೋಟು ಹಿಡಿದುಕೊಂಡು ಕುಳಿತಿದ್ದಾಳೆ. ನಾನು ಹೊರಗೆ ಹೋದೊಡನೆ ಹೇಳಿದಿರಾ ಎಂದು ಕೇಳುತ್ತಾಳೆ. ಈ ಠಾಣೆಗೆ ಬೇರೆ ಬಾಗಿಲಿಲ್ಲ ಎಂದು ವಿಚಾರಿಸಿ ತಿಳಿದುಕೊಂಡಿದ್ದೇನೆ.

ಮೇಲೆ ಬರೆದದ್ದನ್ನು ಯಾರ ಒತ್ತಾಯವೂ ಇಲ್ಲದೆ ಬರೆದಿದ್ದೇನೆ, ಓದಿ ನೋಡಿದ್ದೇನೆ, ನನಗೆ ತಿಳಿದ ಮಟ್ಟಿಗೆ ಎಲ್ಲವೂ ನಿಜ. ಸುಳ್ಳು ಬರೆದರೆ ಶಿಕ್ಷೆಯುಂಟು ಎಂಬುದು ಗೊತ್ತಿದೆ. ಕಂಡದ್ದು, ಕಾಣುತ್ತಿರುವುದು ಎರಡನ್ನೂ ಬರೆದಿದ್ದೇನೆ.

ಸ್ಥಳ: ಪೆಕ್ಹಮ್, ಲಂಡನ್
ದಿನಾಂಕ: 19 ನವೆಂಬರ್ 2025
ಸಹಿ: ವಾ. ಭೀ. ಹುಯಿಲಗೋಳ